ಹಳೇ ಗುದ್ದಲಿ, ಕುಡುಗೋಲು, ಕತ್ತರಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟ ಮತ್ತು ಹೊಲದ ಹಳೆಯ ಕೈಸಾಮಾನುಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಪೂರ್ತಿ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಹುಡುಕಿಕೊಂಡರೆ ಸಾಕು.

## ಶುರುವಿಗೆ

ಅಟ್ಟದ ಮೇಲೆ ಒಂದು ಚೀಲ ತುಕ್ಕು ಹಿಡಿದ ಸಾಮಾನು ಸಿಕ್ಕಿದೆ. ಮೊದಲು ಏನು ಮಾಡಲಿ?

ಏನೂ ಮಾಡಬೇಡಿ! ತಮಾಷೆಗೆ ಹೇಳುತ್ತಿಲ್ಲ. ಇಂಥ ಸಾಮಾನು ಹಾಳಾಗುವುದು ಸಿಕ್ಕಿದ ಮೊದಲ ದಿನವೇ, ಉಪ್ಪುಕಾಗದ ಹಿಡಿದ ಉತ್ಸಾಹದಲ್ಲಿ. ಬಟ್ಟೆಯಿಂದ ಧೂಳು, ಒಣಗಿದ ಮಣ್ಣು ಒರೆಸಿ. ಬಿಸಿಲಿಗೆ ಒಂದೊಂದನ್ನೂ ತಿರುಗಿಸಿ ನೋಡಿ. ಎಲ್ಲಿ ಸವೆದಿದೆ, ಎಲ್ಲಿ ಅಕ್ಷರ ಇದೆ, ಕಾವು, ಅಂದರೆ ಮರದ ಹಿಡಿ, ಮೊದಲಿನದೋ ಆಮೇಲೆ ಹಾಕಿದ್ದೋ? ಫೋಟೊ ತೆಗೆದಿಡಿ. ಆಮೇಲೆ ಮೂರು ಗುಂಪು ಮಾಡಿ: ಕೆಲಸಕ್ಕೆ ಬರುವುದು, ಇಟ್ಟುಕೊಳ್ಳಬೇಕಾದ್ದು, ಏನೆಂದು ಗೊತ್ತಾಗದ್ದು. ಮೂರನೆಯ ಗುಂಪನ್ನು ಸದ್ಯಕ್ಕೆ ಮುಟ್ಟಲೇಬೇಡಿ.

ಎಷ್ಟು ವರ್ಷ ಆದರೆ ಅದು ಪುರಾತನ ವಸ್ತು ಅನ್ನಿಸಿಕೊಳ್ಳುತ್ತೆ?

ಕೊಳ್ಳುವ ಮಾರುವ ಜನ ಸಾಮಾನ್ಯವಾಗಿ 100 ವರ್ಷದ ಗೆರೆ ಎಳೆಯುತ್ತಾರೆ. ಅದಕ್ಕಿಂತ ಈಚಿನದು ಬರೀ ‘ಹಳೇದು’. ಕೈಸಾಮಾನಿನ ಮಟ್ಟಿಗೆ ಈ ಲೆಕ್ಕ ಅಷ್ಟು ಮುಖ್ಯವಲ್ಲ. 60 ವರ್ಷದ ಒಂದು ಒಳ್ಳೆಯ ಕಮ್ಮಾರನ ಗುದ್ದಲಿ, 120 ವರ್ಷದ ಕಾರ್ಖಾನೆ ಗುದ್ದಲಿಗಿಂತ ನನಗೆ ಜಾಸ್ತಿ ಇಷ್ಟ.

ಹಳೇ ಕಾಲದ್ದು ಗಟ್ಟಿ, ಈಗಿನದು ಬರೀ ತಗಡು ಅಂತಾರೆ. ನಿಜಾನಾ?

ಅರ್ಧ ನಿಜ. ಆಗಲೂ ಕೆಟ್ಟ ಸಾಮಾನು ಇತ್ತು. ಅವು ಮುರಿದು ಗುಜರಿ ಸೇರಿದವು, ಗಟ್ಟಿಯಾದದ್ದು ಉಳಿಯಿತು. ಉಳಿದದ್ದನ್ನು ಮಾತ್ರ ನೋಡಿ ನಾವು ಹಳೇದೆಲ್ಲ ಚಿನ್ನ ಅನ್ನುತ್ತೇವೆ.

ಇನ್ನರ್ಧ ಹೀಗಿದೆ. ಹಿಂದೆ ಉಕ್ಕು ದುಬಾರಿ. ಅದಕ್ಕೇ ಕಮ್ಮಾರ ಮೈಯನ್ನು ಮೆತ್ತನೆಯ ಕಬ್ಬಿಣದಲ್ಲಿ ಮಾಡಿ, ಬಾಯಿಗೆ, ಅಂದರೆ ಹರಿತದ ಅಂಚಿಗೆ, ಮಾತ್ರ ಒಂದು ಪಟ್ಟಿ ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆಯುತ್ತಿದ್ದ. ಉಳಿತಾಯಕ್ಕೆಂದು ಮಾಡಿದ್ದು ಗುಣವೂ ಆಯಿತು. ಮೈ ಬಗ್ಗುತ್ತದೆ, ಮುರಿಯುವುದಿಲ್ಲ. ಬಾಯಿ ಗಡಸಾಗಿರುತ್ತದೆ, ಹರಿತ ಹಿಡಿದಿಟ್ಟುಕೊಳ್ಳುತ್ತದೆ. 1856ರಲ್ಲಿ ಬೆಸೆಮರ್ ವಿಧಾನ, ಅಂದರೆ ಕರಗಿದ ಕಬ್ಬಿಣದೊಳಗೆ ಗಾಳಿ ಊದಿ ಉಕ್ಕು ಮಾಡುವ ದಾರಿ, ಬಂದ ಮೇಲೆ ಉಕ್ಕು ಅಗ್ಗವಾಗುತ್ತಾ ಹೋಯಿತು. ಇಡೀ ಸಾಮಾನನ್ನೇ ಉಕ್ಕಿನಲ್ಲಿ ಮಾಡುವುದು ರೂಢಿಯಾಯಿತು. ಈಗಲೂ ಒಳ್ಳೆಯದು ತಯಾರಾಗುತ್ತದೆ. ಆದರೆ ತಗಡನ್ನು ಅಚ್ಚಿನಲ್ಲಿ ಒತ್ತಿ, ಬಣ್ಣ ಬಳಿದು ಮಾರುವುದು ಜಾಸ್ತಿ.

ತುಕ್ಕು ತುಂಬಾ ತಿಂದಿದೆ. ಉಳಿಸಬಹುದೋ ಬಿಸಾಡಲೋ?

ತುಕ್ಕಿನ ಬಣ್ಣ ನೋಡಿ ಹೆದರಬೇಡಿ. ಕಾವು ಬಿಚ್ಚಿ, ಕಬ್ಬಿಣವನ್ನು ದಾರದಲ್ಲಿ ನೇತುಹಾಕಿ ಒಂದು ಚಿಕ್ಕ ಸುತ್ತಿಗೆಯಿಂದ ತಟ್ಟಿ. ಗಂಟೆಯ ಹಾಗೆ ಉದ್ದಕ್ಕೆ ಝಣ್ ಅಂದರೆ ಒಳಗೆ ಗಟ್ಟಿ ಇದೆ. ಒಡೆದ ಮಡಕೆಯ ಹಾಗೆ ‘ದಬ್’ ಅಂದರೆ ಎಲ್ಲೋ ಬಿರುಕಿದೆ ಎಂಬ ಗುಮಾನಿ ಇಟ್ಟುಕೊಳ್ಳಿ. ಕಾವು ಕೂರುವ ತೂತಿನ ಮೂಲೆಗಳನ್ನು ಮೊದಲು ಹುಡುಕಿ, ಬಿರುಕು ಅಲ್ಲೇ ಜಾಸ್ತಿ. ಅಲ್ಲಿ ಬಿರುಕಿದ್ದ ಕೊಡಲಿ, ಪಿಕಾಸಿಯನ್ನು ಬೀಸಲೇಬಾರದು. ಅಂಚಿನ ತುಕ್ಕಿನ ಗುಳಿ ಆಳವಾಗಿದ್ದರೆ ಅಷ್ಟು ಉಕ್ಕು ಉಜ್ಜಿ ಕಳೆಯಬೇಕಾಗುತ್ತದೆ. ಮೈ ಮೇಲಿನ ಗುಳಿ ನೋಡಲು ಅಸಹ್ಯ, ಅಷ್ಟೇ.

## ವಯಸ್ಸು, ಗುರುತು, ಅಸಲಿ ನಕಲಿ

ಮೇಲೆ ಏನೋ ಅಕ್ಷರ ಕೆತ್ತಿದೆ. ವರ್ಷ ಗೊತ್ತಾಗುತ್ತಾ?

ಮೊದಲು ಅಕ್ಷರ ಓದಬೇಕಲ್ಲ. ಉಜ್ಜಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಮೈಗೆ ಒರಗಿಸಿದ ಹಾಗೆ ಹಿಡಿಯಿರಿ. ಎದುರಿನಿಂದ ಕಾಣದ್ದು ನೆರಳಲ್ಲಿ ಎದ್ದು ಕಾಣುತ್ತದೆ. ಆಗಲೂ ಮಸುಕಾಗಿದ್ದರೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಮಲಗಿಸಿ ತಿಕ್ಕಿ.

ಆಮೇಲೆ ಅರ್ಥ. ಕಂಪನಿಯ ಹೆಸರಿನ ಜೊತೆ ಇರುವ ವರ್ಷ ಅದು ಹುಟ್ಟಿದ ವರ್ಷ ಆಗಿರಬಹುದು, ನಿಮ್ಮ ಸನಿಕೆಯದ್ದಲ್ಲ. ಸ್ಪಿಯರ್ ಅಂಡ್ ಜಾಕ್ಸನ್ ತನ್ನ ಶುರುವನ್ನು 1760 ಎನ್ನುತ್ತದೆ, ಅಮೆರಿಕದ ಏಮ್ಸ್ 1774 ಎನ್ನುತ್ತದೆ. ಇವತ್ತು ಮಾಡಿದ್ದರ ಮೇಲೂ ಆ ವರ್ಷ ಹಾಕಬಹುದು, ಅಲ್ವಾ?

ದೇಶದ ಹೆಸರು ಇದ್ದರೆ ಅದು ಒಳ್ಳೆಯ ಸುಳಿವು. ಅಮೆರಿಕದ 1890ರ ಸುಂಕ ಕಾನೂನಿನಿಂದಾಗಿ, 1891ರಿಂದ ಅಲ್ಲಿಗೆ ಹೋಗುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಹಾಕಬೇಕಾಯಿತು. ಹಾಗಾಗಿ ಬರೀ ಊರಿನ ಹೆಸರಿದ್ದು ದೇಶದ ಹೆಸರಿಲ್ಲದಿದ್ದರೆ ಅದು ಹಿಂದಿನದಿರಬಹುದು. ‘ಇರಬಹುದು’ ಅಷ್ಟೇ. ತಮ್ಮ ದೇಶದೊಳಗೇ ಮಾರುವುದಕ್ಕೆ ಈ ಕಾನೂನು ತಗುಲುತ್ತಿರಲಿಲ್ಲ.

ಇನ್ನೊಂದು ಮಾತು ತುಂಬಾ ಜನರ ದಾರಿ ತಪ್ಪಿಸುತ್ತದೆ: ‘ಕಾಸ್ಟ್ ಸ್ಟೀಲ್’. ಇದು ಅಚ್ಚಿಗೆ ಎರಕ ಹೊಯ್ದ ಸಾಮಾನು ಎಂದಲ್ಲ. ಮೂಸೆಯಲ್ಲಿ ಕರಗಿಸಿ ಶುದ್ಧ ಮಾಡಿದ ಉಕ್ಕು ಎಂದು. ಇಂಗ್ಲೆಂಡಿನಲ್ಲಿ ಇದನ್ನು 1740ರ ದಶಕದಲ್ಲಿ ರೂಢಿಗೆ ತಂದವನು ಬೆಂಜಮಿನ್ ಹಂಟ್ಸ್‌ಮನ್. ಆಗಿನ ಕಾಲಕ್ಕೆ ಅದು ಹೆಮ್ಮೆಯಿಂದ ಒತ್ತುತ್ತಿದ್ದ ಮುದ್ರೆ.

ಯಾವ ಗುರುತೂ ಇಲ್ಲ. ಆಗ?

ಜೋಡಣೆ ನೋಡಿ. ಕೂಡುಗುರುತಿನ ತಲೆಯ ಸ್ಕ್ರೂ, ಅಂದರೆ ಫಿಲಿಪ್ಸ್ ಸ್ಕ್ರೂ, ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದು ಮೊದಲಿನ ಜೋಡಣೆಯೇ ಆಗಿದ್ದರೆ ಸಾಮಾನು ಅದಕ್ಕಿಂತ ಹಳೇದಾಗಲು ಸಾಧ್ಯವಿಲ್ಲ. ಹುಳು ಹರಿದ ಹಾಗೆ ಕಾಣುವ ವೆಲ್ಡಿಂಗ್ ಗೆರೆ ಇದ್ದರೂ 20ನೇ ಶತಮಾನದ್ದು ಅನ್ನಬಹುದು. ಕೈಯಲ್ಲಿ ಬಡಿದದ್ದರ ಎರಡು ಬದಿ ಒಂದೇ ಸಮ ಇರುವುದಿಲ್ಲ, ದಪ್ಪ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನ ಇಳಿಯುತ್ತದೆ. ಯಂತ್ರದಲ್ಲಿ ಒತ್ತಿದ್ದು ಎಲ್ಲಾ ಕಡೆ ಒಂದೇ ದಪ್ಪ.

ಸಾಮಾನಿನ ಜಾತಿಯೂ ಸುಳಿವು ಕೊಡುತ್ತದೆ. ಗಿಡ ಸವರುವ ಸೆಕೆಟರ್ ಕತ್ತರಿ ಫ್ರಾನ್ಸಿನಲ್ಲಿ ಬಂದದ್ದು 19ನೇ ಶತಮಾನದ ಶುರುವಿನಲ್ಲಿ. ಹುಲ್ಲು ಕತ್ತರಿಸುವ ತಳ್ಳುಗಾಡಿಗೆ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದದ್ದು 1830ರಲ್ಲಿ. ಯಾರಾದರೂ 1750ರ ಸೆಕೆಟರ್ ಎಂದು ತೋರಿಸಿದರೆ ನಕ್ಕು ಮುಂದೆ ಹೋಗಿ.

ಬೇಕಂತಲೇ ಹಳೇದು ಮಾಡಿ ಮಾರ್ತಾರಂತೆ. ಹೇಗೆ ಕಂಡುಹಿಡಿಯೋದು?

ತುಕ್ಕು ಸುಳ್ಳು ಹೇಳಬಹುದು. ಸವೆತಕ್ಕೆ ಸುಳ್ಳು ಹೇಳುವುದು ಕಷ್ಟ. ಆಸಿಡ್ ಹಾಕಿ ಬರಿಸಿದ ತುಕ್ಕು ಎಲ್ಲಾ ಕಡೆ ಒಂದೇ ಕಿತ್ತಳೆ ಬಣ್ಣ, ಮುಟ್ಟಿದರೆ ಕೈಗೆ ಪುಡಿ ಬರುತ್ತದೆ. ನಿಜವಾದ ಹಳೇ ತುಕ್ಕು ಗಾಢ ಕಂದು, ಗಟ್ಟಿಯಾಗಿ ಕೂತಿರುತ್ತದೆ.

ನಾನು ಮೊದಲು ನೋಡುವುದು ಕಾವನ್ನು. ಒಂದು ಗುದ್ದಲಿ ನನ್ನ ಹತ್ತಿರ ಇದೆ. ಅದರ ಬಾಯಿಯ ಬಲ ಮೂಲೆ ಎಡಕ್ಕಿಂತ ಎರಡು ಬೆರಳು ಜಾಸ್ತಿ ಸವೆದಿದೆ. ಕಾವಿನ ನಡುವೆ ಒಂದು ಕಡೆ, ತುದಿಯ ಹತ್ತಿರ ಇನ್ನೊಂದು ಕಡೆ ಮರ ನುಣ್ಣಗೆ ಕಪ್ಪಾಗಿದೆ. ಆ ಎರಡು ಜಾಗದಲ್ಲಿ ಕೈ ಇಟ್ಟರೆ ಬಾಯಿಯ ಬಲ ಮೂಲೆಯೇ ನೆಲಕ್ಕೆ ಮೊದಲು ತಾಗುತ್ತದೆ. ಕಾವೂ ಬಾಯಿಯೂ ಒಂದೇ ಕಥೆ ಹೇಳುತ್ತವೆ. ನಕಲಿಯಲ್ಲಿ ಸವೆತ ಇರುತ್ತದೆ, ಆದರೆ ಯಾರ ಕೈಗೂ ಹೊಂದುವುದಿಲ್ಲ. ಉಪ್ಪುಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿರುತ್ತಾರೆ.

ಹಳೇ ಕಬ್ಬಿಣಕ್ಕೆ ಹೊಸ ಕಾವು ಇದ್ದರೆ ಮಾತ್ರ ಮೋಸ ಅನ್ನಬೇಡಿ. ಕಾವು ಬದಲಾಗುವುದು ಸಹಜ.

ಇದು ಯಾವ ಕೆಲಸದ್ದು ಅಂತಲೇ ಗೊತ್ತಾಗ್ತಿಲ್ಲ.

ಹೆಸರು ಹುಡುಕುವ ಮೊದಲು ಮೂರು ಪ್ರಶ್ನೆ ಕೇಳಿ. ಹರಿತ ಎಲ್ಲಿದೆ? ಹಿಡಿದಾಗ ಬೆನ್ನು ಬಾಗುತ್ತದಾ, ನೆಟ್ಟಗಿರುತ್ತದಾ? ಎಳೆಯುವುದೋ, ತಳ್ಳುವುದೋ, ಬೀಸುವುದೋ? ಕಾವಿಗೆ ಅಡ್ಡವಾಗಿ ಬಾಯಿ ಇದ್ದರೆ ಎಳೆಯುವ ಗುದ್ದಲಿ ಜಾತಿ. ಕಾವಿನ ನೇರಕ್ಕೆ ಇದ್ದು ಮುಂದಿನ ಅಂಚು ಹರಿತವಾಗಿದ್ದರೆ ತಳ್ಳುವುದು. ಗಿಡ್ಡ ಮರದ ಗೂಟಕ್ಕೆ ತುದಿಯಲ್ಲಿ ಕಬ್ಬಿಣದ ಟೋಪಿ ಇದ್ದರೆ ಬೀಜ, ಸಸಿಗೆ ಕುಳಿ ಮಾಡುವ ಕೋಲು. ಉದ್ದ ಕಾವಿನ ತುದಿಗೆ ಹಾವಿನ ನಾಲಿಗೆಯ ಹಾಗೆ ಕವಲೊಡೆದ ಕಬ್ಬಿಣ ಇದ್ದರೆ, ಆಳ ಬೇರಿನ ಕಳೆ ಎಬ್ಬಿಸುವುದು. ಹೀಗೆ ಕೆಲಸ ಗೊತ್ತಾದರೆ ಹೆಸರು ಸಿಗುವುದು ಸುಲಭ. ಒಂದೇ ಸಾಮಾನಿಗೆ ಊರಿಗೊಂದು ಹೆಸರು ಇರುವುದರಿಂದ ಹೆಸರಿನಿಂದ ಶುರು ಮಾಡಿದರೆ ತಲೆ ಕೆಡುತ್ತದೆ.

## ತುಕ್ಕು, ಕಾವು, ಎಣ್ಣೆ

ತುಕ್ಕು ತೆಗೆಯೋಕೆ ಯಾವುದು ಒಳ್ಳೇದು?

ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಸ್ಟೀಲ್ ಉಲ್ಲಿನಿಂದ ಉಜ್ಜಿ. ಮುಕ್ಕಾಲು ಪಾಲು ಸಾಮಾನಿಗೆ ಇದೇ ಸಾಕು. ಉದುರುವ ತುಕ್ಕು ಹೋಗಿ ಕಂದು ಬಣ್ಣ ಉಳಿದರೆ ನಿಲ್ಲಿಸಿ. ಕನ್ನಡಿ ಮಾಡಬೇಕಿಲ್ಲ. ಆ ಕಂದು ಪದರ ಬರಲು ದಶಕಗಳು ಹಿಡಿದಿವೆ.

ಹಠಮಾರಿ ತುಕ್ಕಿಗೆ ವಿನೆಗರ್. ಕಾವು ಬಿಚ್ಚಿ, ಕಬ್ಬಿಣ ಮುಳುಗುವಷ್ಟು ಹಾಕಿ, 12ರಿಂದ 24 ಗಂಟೆ. ಮಧ್ಯೆ ಮಧ್ಯೆ ನೋಡುತ್ತಿರಿ. ಮರೆತು ವಾರ ಬಿಟ್ಟರೆ ತುಕ್ಕಿನ ಜೊತೆ ಕಬ್ಬಿಣವೂ ಕರಗುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿ, ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ತಕ್ಷಣ ಅಂದರೆ ತಕ್ಷಣ. ಕಾಫಿ ಕುಡಿದು ಬರುವಷ್ಟರಲ್ಲಿ ಹೊಸ ತುಕ್ಕು ಕೂತಿರುತ್ತದೆ. ಸತು ಲೇಪಿಸಿದ ಬಕೆಟ್, ನೀರಿನ ಕ್ಯಾನುಗಳಿಗೆ ವಿನೆಗರ್ ಬೇಡ, ಲೇಪವೇ ಹೋಗುತ್ತದೆ.

ಬ್ಯಾಟರಿ ಚಾರ್ಜರ್ ಹಾಕಿ ತುಕ್ಕು ತೆಗೀತಾರಂತೆ. ಮನೇಲಿ ಮಾಡಬಹುದಾ?

ಮಾಡಬಹುದು, ಎಚ್ಚರ ಬೇಕು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರಿನ ಮೈನಸ್ ತಂತಿ ನಿಮ್ಮ ಸಾಮಾನಿಗೆ, ಪ್ಲಸ್ ತಂತಿ ಒಂದು ಗುಜರಿ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲು ಬದಲಾದರೆ ನಿಮ್ಮ ಸಾಮಾನೇ ಕರಗುತ್ತದೆ. ಪ್ಲಸ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಉಪ್ಪೂ ಬೇಡ, ಕ್ಲೋರಿನ್ ಬರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಬೆಂಕಿ ತಾಗಿದರೆ ಸಿಡಿಯುತ್ತದೆ. ಹಾಗಾಗಿ ಬಯಲಲ್ಲೇ ಮಾಡಿ. ಕೈ ಹಾಕುವ ಮೊದಲು ಸ್ವಿಚ್ ಆರಿಸಿ. ಸೂಕ್ಷ್ಮ ಅಕ್ಷರ ಇರುವ ಸಾಮಾನಿಗೆ ಇದು ನಿಜಕ್ಕೂ ಒಳ್ಳೆಯ ದಾರಿ, ಯಾಕೆಂದರೆ ಒಳ್ಳೆಯ ಕಬ್ಬಿಣವನ್ನು ತಿನ್ನುವುದಿಲ್ಲ.

ಕೊಡಲಿ ಕಾವು ಅಲ್ಲಾಡ್ತಿದೆ. ನೀರಲ್ಲಿ ನೆನೆಸಿದರೆ ಬಿಗಿಯಾಗುತ್ತಲ್ವಾ?

ಅವತ್ತಿಗೆ ಬಿಗಿಯಾಗುತ್ತದೆ. ನೆನೆದ ಮರ ಉಬ್ಬಿ, ಕಬ್ಬಿಣದ ಒತ್ತಡಕ್ಕೆ ಸಿಕ್ಕಿ ಅದರ ನಾರು ಜಜ್ಜಿ ಹೋಗುತ್ತದೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗಿರುತ್ತದೆ. ನಾಲ್ಕು ಸಲ ನೆನೆಸಿದರೆ ಕೊಡಲಿ ಗಾಳಿಯಲ್ಲಿ ಹಾರುವ ದಿನ ಹತ್ತಿರ. ಸರಿಯಾದ ದಾರಿ: ಹಳೇ ಬೆಣೆ ಕಿತ್ತು, ಇನ್ನೂ ಸ್ವಲ್ಪ ದಪ್ಪದ ಒಣ ಮರದ ಬೆಣೆ ಹೊಡೆಯಿರಿ. ಮೊಳೆ, ಸ್ಕ್ರೂ ಹೊಡೆಯಬೇಡಿ, ಕಾವು ಸೀಳುತ್ತದೆ.

ಪಿಕಾಸಿ ಮತ್ತು ಹಲವು ಗುದ್ದಲಿಗಳಲ್ಲಿ ಕಾವು ಮೇಲಿನಿಂದ ಇಳಿದು ಬರುತ್ತದೆ, ತುದಿ ದಪ್ಪ. ಬೀಸಿದಷ್ಟೂ ತಾನೇ ಬಿಗಿಯಾಗುತ್ತದೆ. ಅದಕ್ಕೆ ಬೆಣೆಯೇ ಬೇಡ. ಕಾವಿನ ದಪ್ಪ ತುದಿಯನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಸಾಕು.

ಹೊಸ ಕಾವಿಗೆ ಯಾವ ಮರ?

ಯುರೋಪಿನವರು ಆಶ್ ಮರ, ಅಮೆರಿಕದವರು ಹಿಕರಿ ಎನ್ನುತ್ತಾರೆ. ಎರಡೂ ಪೆಟ್ಟು ತಡೆದು ಬಾಗುತ್ತವೆ. ಮರದ ಹೆಸರಿಗಿಂತ ನಾರಿನ ದಾರಿ ಮುಖ್ಯ. ನಾರು ಈ ತುದಿಯಿಂದ ಆ ತುದಿಗೆ ನೇರ ಓಡಬೇಕು. ಮಧ್ಯದಲ್ಲಿ ಪಕ್ಕಕ್ಕೆ ಜಾರಿದರೆ ಕಾವು ಅಲ್ಲೇ ಮುರಿಯುತ್ತದೆ. ಕೊಡಲಿಯಾದರೆ ತುದಿಯಲ್ಲಿ ಕಾಣುವ ಬೆಳವಣಿಗೆ ಗೆರೆಗಳು ಬಾಯಿಯ ನೇರಕ್ಕೆ ಇರಲಿ. ಗಂಟು ಬೇಡ. ಹಸಿ ಮರ ಬೇಡವೇ ಬೇಡ.

ಹಿಡಿಗೆ ಯಾವ ಎಣ್ಣೆ ಹಚ್ಚಲಿ?

ಅಗಸೆ ಎಣ್ಣೆ. ಗಾಳಿಗೆ ಗಟ್ಟಿಯಾಗುವ ಎಣ್ಣೆ ಅದು, ಮರದೊಳಗೆ ಕೂರುತ್ತದೆ. ಅಡುಗೆಯ ಬೇರೆ ಎಣ್ಣೆಗಳು ಅಂಟು ಅಂಟಾಗಿ ವಾಸನೆ ಬರುತ್ತವೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ. ವಾರ್ನಿಷ್ ಹಾಕಬೇಡಿ, ಅಂಗೈಯಲ್ಲಿ ಬೊಬ್ಬೆ ಬರುತ್ತದೆ.

ಈಗ ಮುಖ್ಯ ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ಬೆಂಕಿ ತಾನಾಗಿಯೇ ಹತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಹಿಡಿಯಲ್ಲಿ ಸೂಜಿ ತೂತು, ಕೆಳಗೆ ಹಿಟ್ಟಿನ ಹಾಗೆ ಪುಡಿ ಬೀಳ್ತಿದೆ.

ಕುಟ್ಟೆಹುಳ. ಪುಡಿ ಹೊಸದಾಗಿ ಬೀಳುತ್ತಿದ್ದರೆ ಹುಳ ಜೀವಂತ ಇದೆ. ಮೊದಲು ಉಳಿದ ಸಾಮಾನಿನಿಂದ ದೂರ ಇಡಿ. ಬೆರಳಿನಿಂದ ಒತ್ತಿದರೆ ಮರ ಕುಸಿದರೆ ಆ ಹಿಡಿಯನ್ನು ಕೆಲಸಕ್ಕೆ ನಂಬಬೇಡಿ.

## ಹರಿತ

ಸುಮ್ನೆ ಗ್ರೈಂಡರ್‌ಗೆ ಕೊಟ್ಟರೆ ಐದು ನಿಮಿಷದ ಕೆಲಸ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಮುಂದೆ ಬಾಗಿದ ಒಂದು ಹಳೇ ಮಚ್ಚು ಕೈಗೆ ಬಂದಿತ್ತು. ಗ್ರೈಂಡರಿಗೆ ಹಿಡಿದೆ. ಕಿಡಿ ಚೆನ್ನಾಗಿ ಹಾರಿತು, ಖುಷಿಯಾಯಿತು. ನಿಲ್ಲಿಸಿ ನೋಡಿದರೆ ತುದಿಯ ಬಾಗಿದ ಭಾಗದಲ್ಲಿ ಒಂದು ಅಂಗುಲ ನವಿಲುಗರಿಯ ನೀಲಿ. ನೋಡಲು ಬಲು ಚಂದ! ಮಾರನೇ ದಿನ ಒಣ ಕೊಂಬೆಗೆ ಹಾಕಿದ ಮೂರನೇ ಪೆಟ್ಟಿಗೆ ಆ ಒಂದು ಅಂಗುಲದ ಅಂಚು ತಗಡಿನ ಹಾಗೆ ಮಡಚಿಕೊಂಡಿತು.

ಆಗಿದ್ದು ಇಷ್ಟು. ಕಮ್ಮಾರ ಉಕ್ಕಿಗೆ ಹದ ಕೊಟ್ಟಿರುತ್ತಾನೆ, ಅಂದರೆ ಕಾಯಿಸಿ ಅದ್ದಿ ಬೇಕಾದಷ್ಟು ಗಡಸು ಮಾಡಿರುತ್ತಾನೆ. ಉಜ್ಜಿದ ಉಕ್ಕು ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣಕ್ಕೆ, 300ರ ಸುತ್ತಮುತ್ತ ನೀಲಿಗೆ ತಿರುಗುತ್ತದೆ. ನೀಲಿ ಬಂತು ಅಂದರೆ ಹರಿತ ಹಿಡಿಯುವ ಹದ ಹೋಯಿತು. ತೆಳ್ಳನೆಯ ಅಂಚು ಕ್ಷಣದಲ್ಲಿ ಅಷ್ಟು ಬಿಸಿಯಾಗುತ್ತದೆ. ಮೆತ್ತಗಾದಷ್ಟನ್ನೂ ಉಜ್ಜಿ ತೆಗೆದ ಮೇಲೆಯೇ ಮಚ್ಚು ಮತ್ತೆ ಕೆಲಸಕ್ಕೆ ಬಂತು, ಅದೂ ಅರದಿಂದ, ಎರಡು ಸಂಜೆ. ಅರದಲ್ಲಿ ಉಜ್ಜಿದರೆ ಹದ ಹೋಗುವಷ್ಟು ಬಿಸಿ ಏಳುವುದೇ ಇಲ್ಲ. ಗ್ರೈಂಡರ್ ಬಿಡಲಾಗದಿದ್ದರೆ ಎರಡೆರಡು ಸೆಕೆಂಡಿಗೆ ನೀರಲ್ಲಿ ಅದ್ದಿ, ಬೆರಳಿಗೆ ಸುಡುವ ಮೊದಲೇ.

ಅರ ಹೇಗೆ ಹಿಡಿಯೋದು?

ಸಾಮಾನನ್ನು ಅಲ್ಲಾಡದಂತೆ ಕಟ್ಟಿ. ಅರ ಕತ್ತರಿಸುವುದು ಮುಂದೆ ತಳ್ಳುವಾಗ ಮಾತ್ರ, ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ. ಮೊದಲಿನವರು ಹಿಡಿದ ಇಳಿಜಾರನ್ನೇ ಅನುಸರಿಸಿ. ಗುದ್ದಲಿ, ಸನಿಕೆಗೆ ಒಂದೇ ಬದಿ, ದಪ್ಪ ಅಂಚು ಸಾಕು. ಕಲ್ಲಿಗೆ ತಾಗುವ ಬಾಯಿಗೆ ಕ್ಷೌರದ ಕತ್ತಿಯ ಹರಿತ ಯಾಕೆ? ಇನ್ನೊಂದು ಬದಿಯಲ್ಲಿ ಬೆರಳಿಗೆ ತೆಳು ತರಿ ಸಿಕ್ಕಿದರೆ ಅಂಚು ಬಂದಿದೆ ಎಂದು ಅರ್ಥ. ಆ ತರಿಯನ್ನು ಮಸೆಗಲ್ಲಿನಿಂದ ಒಂದೆರಡು ಸಲ ಸವರಿ ತೆಗೆಯಿರಿ. ಅರವೇ ಜಾರುತ್ತಿದೆ, ಕಚ್ಚುತ್ತಿಲ್ಲ ಅಂದರೆ ಉಕ್ಕು ತುಂಬಾ ಗಡಸು. ಅಲ್ಲಿ ಕಲ್ಲೇ ಗತಿ.

ಹಲ್ಲಿರೋ ಕುಡುಗೋಲನ್ನ ಮಸೆಯೋದು ಹೇಗೆ?

ಹಲ್ಲಿನ ಕಡೆ ಕಲ್ಲು ತಾಗಿಸಬೇಡಿ. ಹಲ್ಲಿಲ್ಲದ, ಚಪ್ಪಟೆ ಬದಿಯನ್ನು ಮಾತ್ರ ಕಲ್ಲಿಗೆ ಮಲಗಿಸಿ ಸವರಿ. ಹಲ್ಲು ಪೂರ್ತಿ ಸವೆದಿದ್ದರೆ ಅದು ಕಮ್ಮಾರನ ಕೆಲಸ.

ಎರಡೂ ಕೈಯಲ್ಲಿ ಬೀಸೋ ಉದ್ದ ಕಾವಿನ ಕುಡುಗೋಲನ್ನ ಸುತ್ತಿಗೆಯಿಂದ ಬಡೀತಾರಲ್ಲ, ಯಾಕೆ?

ಸೈದ್ ಅನ್ನುವ ಹುಲ್ಲು ಕೊಯ್ಯುವ ಸಾಮಾನು ಇದು. ಆಸ್ಟ್ರಿಯಾ ಕಡೆಯ ಅಲಗಿನ ಉಕ್ಕು ಸ್ವಲ್ಪ ಮೆತ್ತಗೆ. ಕಮ್ಮಾರರು ಬಳಸುವಂಥ ಚಿಕ್ಕ ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಅಂಚನ್ನು ತಣ್ಣಗೇ ಬಡಿದು ಕಾಗದದಷ್ಟು ತೆಳ್ಳಗೆ ಮಾಡುತ್ತಾರೆ. ಉಕ್ಕು ನಷ್ಟವಾಗುವುದಿಲ್ಲ, ಬಡಿದಂತೆ ಅಂಚು ಗಡಸೂ ಆಗುತ್ತದೆ. ಆಮೇಲೆ ಹೊಲದಲ್ಲಿ ಆಗಾಗ ಒದ್ದೆ ಕಲ್ಲಿನಿಂದ ಸವರುತ್ತಾರೆ. ಇಂಗ್ಲಿಷ್, ಅಮೆರಿಕನ್ ಅಲಗುಗಳು ಗಡಸು. ಅವನ್ನು ಬಡಿಯುವುದಿಲ್ಲ, ಸಾಣೆ ಹಿಡಿಯುತ್ತಾರೆ. ಬಡಿದರೆ ಸೀಳಬಹುದು. ಹಾಗಾಗಿ ನಿಮ್ಮದು ಯಾವ ಕಡೆಯದ್ದು ಎಂದು ಗೊತ್ತಾಗುವ ತನಕ ಸುತ್ತಿಗೆ ಎತ್ತಬೇಡಿ.

## ಇನ್ನೂ ಆಳಕ್ಕೆ

ಉಕ್ಕಿನ ಪಟ್ಟಿ ಬೆಸೆದಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಬಾಯಿಯ ಹತ್ತಿರ ಒಂದು ಸಣ್ಣ ಜಾಗ ನುಣ್ಣಗೆ ಉಜ್ಜಿ ವಿನೆಗರ್ ಹಚ್ಚಿ, ಸ್ವಲ್ಪ ಹೊತ್ತು ಬಿಡಿ. ಉಕ್ಕು ಕಪ್ಪಾಗುತ್ತದೆ, ಮೆತ್ತನೆಯ ಕಬ್ಬಿಣ ತಿಳಿ ಬೂದು ಉಳಿಯುತ್ತದೆ. ನಡುವಿನ ಗೆರೆಯೇ ಬೆಸುಗೆ. ಉಕ್ಕು ಇನ್ನೆಷ್ಟು ಉಳಿದಿದೆ ಎಂದೂ ಆ ಗೆರೆ ಹೇಳುತ್ತದೆ. ಗೆರೆಯ ತನಕ ಸವೆದಿದ್ದರೆ ಇನ್ನು ಮಸೆದು ಪ್ರಯೋಜನವಿಲ್ಲ.

ಕಿಡಿಯಿಂದಲೂ ನೋಡಬಹುದು. ಮೆತು ಕಬ್ಬಿಣದ ಕಿಡಿ ಉದ್ದ, ಕವಲು ಕಡಿಮೆ. ಇಂಗಾಲ ಜಾಸ್ತಿ ಇರುವ ಉಕ್ಕಿನ ಕಿಡಿ ಪಟಾಕಿಯಂತೆ ಕವಲೊಡೆದು ಸಿಡಿಯುತ್ತದೆ. ಆದರೆ ಇದಕ್ಕೆ ಗ್ರೈಂಡರ್ ತಾಗಿಸಬೇಕು, ಒಳ್ಳೆಯ ಸಾಮಾನಿಗೆ ನಾನು ಮಾಡುವುದಿಲ್ಲ.

ಹದ ಹೋದ ಮಚ್ಚಿಗೆ ಮನೇಲೇ ಮತ್ತೆ ಹದ ಕೊಡಬಹುದಾ?

ಅಂಚನ್ನು ಕೆಂಪಗೆ, ಅಯಸ್ಕಾಂತ ಹಿಡಿಯದ ಹಂತ ದಾಟಿಸಿ ಕಾಯಿಸಬೇಕು. ಆ ಹಂತ ಸುಮಾರು 770 ಡಿಗ್ರಿ. ಕಾದದ್ದನ್ನು ಎಣ್ಣೆ ಅಥವಾ ನೀರಲ್ಲಿ ಅದ್ದಬೇಕು, ಆಮೇಲೆ ಒಣಹುಲ್ಲಿನ ಬಣ್ಣದ ತನಕ ಮತ್ತೆ ಹಗೂರ ಕಾಯಿಸಬೇಕು. ಹೇಳಲು ಮೂರು ಹೆಜ್ಜೆ. ಹಳೇ ಉಕ್ಕಿನಲ್ಲಿ ಇಂಗಾಲ ಎಷ್ಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ನೀರಲ್ಲಿ ಅದ್ದಿದಾಗ ‘ಟಿಂಗ್’ ಎಂದು ಸೀಳಿದರೆ ಅಲ್ಲಿಗೆ ಮುಗಿಯಿತು. ಮೊದಲು ಬೆಲೆಯಿಲ್ಲದ ಸಾಮಾನಿನ ಮೇಲೆ ಕೈ ಪಳಗಿಸಿಕೊಳ್ಳಿ, ಇಲ್ಲವೇ ಬಲ್ಲ ಕಮ್ಮಾರನಿಗೆ ಕೊಡಿ.

ಹಿತ್ತಾಳೆಯ ಹಳೇ ಸಿಂಪಡಿಸೋ ಪಂಪು ಸಿಕ್ಕಿದೆ. ಗಿಡಕ್ಕೆ ನೀರು ಹಾಕೋಕೆ ಬಳಸಲಾ?

ಬೇಡ. 19ನೇ ಶತಮಾನದ ಕೊನೆಯಿಂದ 20ನೇ ಶತಮಾನದ ನಡುವಿನ ತನಕ ಕೀಟಕ್ಕೆ ಸೀಸ ಮತ್ತು ಆರ್ಸೆನಿಕ್ ಸೇರಿದ ವಿಷ ಹೊಡೆಯುತ್ತಿದ್ದರು. ಪಂಪಿನೊಳಗೆ ಏನು ಉಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಒರೆಸಿ ಅಲಂಕಾರಕ್ಕಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಹಳೇ ಬಣ್ಣ ಬಳಿದ ಹಿಡಿಗಳಿಗೂ ಇದೇ ಎಚ್ಚರ. ಬಣ್ಣದಲ್ಲಿ ಸೀಸ ಇರಬಹುದು, ಒಣ ಉಪ್ಪುಕಾಗದದಿಂದ ಉಜ್ಜಿ ಧೂಳು ಕುಡಿಯಬೇಡಿ.

ಬಳಸಲಾ, ಗೋಡೆಗೆ ತೂಗುಹಾಕಲಾ?

ಗುರುತು, ಮೂಲ ಕಾವು, ಅಪರೂಪದ ಆಕಾರ ಮೂರೂ ಇದ್ದರೆ ಬಳಸಬೇಡಿ, ಮಸೆಯಲೂ ಬೇಡಿ. ಕೊಳ್ಳುವವರು ಹುಡುಕುವುದು ಮುಟ್ಟದ ಸಾಮಾನನ್ನೇ. ಉಳಿದದ್ದನ್ನೆಲ್ಲ ಧಾರಾಳವಾಗಿ ಬಳಸಿ. ಕೆಲಸ ಮುಗಿದ ಮೇಲೆ ಮಣ್ಣು ತೆಗೆದು ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ. ಗೊಬ್ಬರದ ಚೀಲದ ಪಕ್ಕ ಇಡಬೇಡಿ, ಅದರ ಉಪ್ಪು ಕಬ್ಬಿಣ ತಿನ್ನುತ್ತದೆ.

ಇದರ ಬಗ್ಗೆ ಏನಾದರೂ ಬರೆದಿಡಬೇಕಾ?

ಒಂದು ರಟ್ಟಿನ ಚೀಟಿ, ದಾರ ಸಾಕು. ಯಾರಿಂದ ಬಂತು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಮನೆಯಲ್ಲಿ ಅದಕ್ಕೆ ಏನೆಂದು ಕರೆಯುತ್ತಿದ್ದರು, ನೀವು ಏನು ಬದಲಾಯಿಸಿದಿರಿ, ಯಾವ ವರ್ಷ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಎಣ್ಣೆಗೆ ಹರಡುತ್ತದೆ. ಚೀಟಿಯನ್ನು ಕಾವಿಗೆ ಕಟ್ಟಿ, ಕಬ್ಬಿಣಕ್ಕೆ ತಾಗದ ಹಾಗೆ. ರಟ್ಟು ತೇವ ಹಿಡಿದರೆ ಅದರ ಕೆಳಗೇ ತುಕ್ಕು ಶುರುವಾಗುತ್ತದೆ.